ಕೀ ತೆಗೆದ ಮೇಲೂ ಹರಿಯುತ್ತಿದ್ದ ಕರೆಂಟು

ಬರೆಯದೆ ಬಹಳ ದಿನವಾಗಿತ್ತು. ಆಫೀಸು, ಮನೆ, ಜರ್ಮನಿಯ ಚಳಿ... ಕಾರಣ ಹುಡುಕಿದರೆ ಎಷ್ಟು ಬೇಕಾದ್ರೂ ಸಿಗುತ್ತೆ ಬಿಡಿ. ಇವತ್ತು ಬರೀತಿರೋದು ಒಂದೂವರೆ ಮೀಟರ್ ಉದ್ದದ ಕೆಂಪು ವೈರಿನ ಬಗ್ಗೆ. ವೈರಿನ ಬಗ್ಗೆ ಇಷ್ಟುದ್ದ ಬರೆಯೋಕೆ ಏನಪ್ಪಾ ಇದೆ ಅಂತ ನಗಬೇಡಿ. ಆ ವೈರಿನಿಂದಾಗಿ 2024ರ ಅಕ್ಟೋಬರಿನ ಒಂದು ಭಾನುವಾರ ಸ್ಟುಟ್‌ಗಾರ್ಟಿನಲ್ಲಿ ನನ್ನ ಹೆಂಡತಿ, ಮೈಸೂರಿನಲ್ಲಿ ನನ್ನ ಅಪ್ಪ, ಇಬ್ಬರೂ ನಲವತ್ತು ನಿಮಿಷ ನಾನು ಬದುಕಿದೀನೋ ಇಲ್ವೋ ಅಂತ ಗೊತ್ತಾಗದೆ ಕೂತಿದ್ರು. ನಿಮ್ಮ ಹತ್ರ ಬೈಕ್ ಇದ್ದು, ಅದಕ್ಕೆ ಮೊಬೈಲ್ ಚಾರ್ಜರೋ, ಜಿಪಿಎಸ್ಸೋ, ಎಕ್ಸ್‌ಟ್ರಾ ಲೈಟೋ ಹಾಕಿಸಿದ್ರೆ ದಯವಿಟ್ಟು ಪೂರ್ತಿ ಓದಿ.

ಮೊದಲಿಂದ ಹೇಳ್ತೀನಿ.

ಮೈಸೂರಿನವರಿಗೆ ಬೈಕ್ ಹುಚ್ಚು ಹೊಸದೇನಲ್ಲ. 1961ರಿಂದ 1996ರವರೆಗೆ ಜಾವಾ, ಯೆಜ್ದಿ ಬೈಕುಗಳು ತಯಾರಾಗುತ್ತಿದ್ದದ್ದು ನಮ್ಮೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲೇ. ನಮ್ಮಪ್ಪ ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು, ಆದರೆ ಅವರ ಮನಸ್ಸು ಪೂರ್ತಿ ಇದ್ದದ್ದು ಮನೆ ಮುಂದಿನ ಯೆಜ್ದಿ ಮೇಲೆ. ಗೇರ್ ಹಾಕೋ ಲಿವರನ್ನೇ ಮೇಲಕ್ಕೆ ತಿರುಗಿಸಿ ಕಿಕ್ ಹೊಡೆಯೋ ಆ ಗಾಡಿಯನ್ನ ಭಾನುವಾರ ಬೆಳಿಗ್ಗೆ ಬಿಚ್ಚಿ ಹರಡಿಕೊಂಡು ಕೂತ್ರೆ ಮಧ್ಯಾಹ್ನದ ಊಟಕ್ಕೆ ಅಮ್ಮ ನಾಲ್ಕು ಸಲ ಕರೀಬೇಕಿತ್ತು. ನಾನು ಪಕ್ಕದಲ್ಲಿ ಸ್ಪ್ಯಾನರ್ ಕೊಡೋ ಹುಡುಗ. ಹಾಗೇ ಬೆಳೆದವನು ಮುಂದೆ ಎಲೆಕ್ಟ್ರಾನಿಕ್ಸ್‌ನಲ್ಲಿ ಇಂಜಿನಿಯರಿಂಗ್ ಮುಗಿಸಿ, ಎಲ್ಲರ ಹಾಗೆ ಸಾಫ್ಟ್‌ವೇರ್ ಕೆಲಸ ಹಿಡಿದು, ಕೊನೆಗೆ ಸ್ಟುಟ್‌ಗಾರ್ಟಿಗೆ ಬಂದು ಬಿದ್ದೆ.

ಇಲ್ಲಿ ಬಂದು ಲೈಸೆನ್ಸ್ ತಗೊಂಡು, ಒಂದು ಹಳೆಯ ಜಪಾನಿ ಬೈಕ್ ಕೊಂಡೆ. 650 ಸಿಸಿ, ಎರಡು ಸಿಲಿಂಡರು. ಇಲ್ಲಿ ಒಂದು ಮಜಾ ಇದೆ ನೋಡಿ, ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಓಡಿಸ್ತೀನಿ ಅಂದ್ರೆ ಅಷ್ಟಕ್ಕೇ ರಿಜಿಸ್ಟ್ರೇಷನ್ ಮಾಡಿಸಬಹುದು. ನನ್ನ ನಂಬರ್ ಪ್ಲೇಟಿನ ಬಲಗಡೆ ಮೇಲೆ 03, ಕೆಳಗೆ 10 ಅಂತ ಇದೆ. ಅಂದ್ರೆ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ರಸ್ತೆಗೆ, ಉಳಿದ ದಿನ ಗಾಡಿಗೆ ನಿದ್ದೆ. ಆದರೆ ಮಾರ್ಚ್ ಮತ್ತೆ ಅಕ್ಟೋಬರಿನಲ್ಲೂ ಬೆಳಗ್ಗೆ ಐದು ಡಿಗ್ರಿ ಇರುತ್ತೆ. ಬೆರಳು ಮರಗಟ್ಟಿ ಕ್ಲಚ್ ಹಿಡಿದದ್ದು ಬಿಡೋಕಾಗಲ್ಲ, ಬಿಟ್ಟದ್ದು ಹಿಡಿಯೋಕಾಗಲ್ಲ. ಅದಕ್ಕೇ ಹ್ಯಾಂಡಲ್ ಹಿಡಿಕೆ ಬಿಸಿ ಮಾಡೋ ಹೀಟರ್ ಕಿಟ್ ಒಂದು, ಮೊಬೈಲಿಗೆ ಯುಎಸ್‌ಬಿ ಸಾಕೆಟ್ ಒಂದು ತರಿಸಿದೆ.

ಕಿಟ್ ಜೊತೆ ಒಂದು ಹಾಳೆ ಇತ್ತು. ಪ್ಲಸ್ ವೈರನ್ನ "ಕ್ಲೆಮ್ಮೆ 15"ಕ್ಕೆ ಜೋಡಿಸಿ ಅಂತ ಜರ್ಮನ್‌ನಲ್ಲಿ ಬರೆದಿತ್ತು. ನನ್ನ ಜರ್ಮನ್ ಬೇಕರಿಯಲ್ಲಿ ಬ್ರೆಡ್ ಕೇಳೋವರೆಗೆ ಮಾತ್ರ. ಕ್ಲೆಮ್ಮೆ ಅಂದ್ರೆ ಕ್ಲಾಂಪ್ ಇರಬೇಕು, ಎರಡು ವೈರಿಗೆ ಹದಿನೈದು ಕ್ಲಾಂಪ್ ಯಾಕೆ ಬೇಕು ಇವರಿಗೆ ಅಂದ್ಕೊಂಡು ಹಾಳೆ ಪಕ್ಕಕ್ಕಿಟ್ಟೆ :-) ಸೀಟು ತೆಗೆದ್ರೆ ಬ್ಯಾಟರಿ ಎದುರಿಗೇ ಇದೆ. ಕೆಂಪು ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ವೈರು ಹ್ಯಾಂಡಲ್‌ವರೆಗೆ ಎಟುಕಲಿಲ್ಲ, ಅದಕ್ಕೆ ಬ್ಯಾಟರಿ ಹತ್ರ ಇದ್ದ ಫ್ಯೂಸ್ ಹೋಲ್ಡರನ್ನ ಕತ್ತರಿಸಿ, ನಡುವೆ ಒಂದೂವರೆ ಮೀಟರ್ ಕೆಂಪು ವೈರ್ ಸೇರಿಸಿ, ಫ್ಯೂಸನ್ನ ಹ್ಯಾಂಡಲ್ ಕಡೆಗೆ ಹಾಕಿದೆ. ಒಂದು ಗಂಟೆಯಲ್ಲಿ ಕೆಲಸ ಮುಗೀತು. ಹೀಟರ್ ಬಿಸಿ ಆಯ್ತು, ಮೊಬೈಲ್ ಚಾರ್ಜ್ ಆಯ್ತು. ಇಂಜಿನಿಯರ್ ಅಂದ್ರೆ ಸುಮ್ನೇನಾ ಅಂತ ಹೆಂಡತಿ ಮುಂದೆ ಕೊಚ್ಚಿಕೊಂಡದ್ದೂ ಆಯ್ತು.

ಇದರಲ್ಲಿ ಎಷ್ಟು ತಪ್ಪಿದೆ ಅಂತ ನಿಮಗೆ ಈಗಾಗ್ಲೇ ಗೊತ್ತಾಗಿದ್ರೆ ನೀವು ನನಗಿಂತ ಒಳ್ಳೇ ಇಂಜಿನಿಯರು.

*

ಆ ಭಾನುವಾರ ಒಬ್ಬನೇ ಬ್ಲ್ಯಾಕ್ ಫಾರೆಸ್ಟ್ ಕಡೆ ಹೊರಟೆ. ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಸ್ಟಾಟ್‌ವರೆಗೆ ಬೆಟ್ಟದ ನೆತ್ತಿ ಮೇಲೇ ಹೋಗೋ ಬಿ500 ರಸ್ತೆ ಇದೆ. ನಮ್ಮ ಮಡಿಕೇರಿ ರಸ್ತೆ ನೆನಪಾಗುತ್ತೆ, ಕಾಫಿ ತೋಟದ ಬದಲು ಕಪ್ಪುಹಸಿರು ಪೈನ್ ಮರಗಳು ಅಷ್ಟೆ. ದಾರಿಯಲ್ಲಿ ಮುಮ್ಮೆಲ್‌ಸೀ ಅಂತ ಒಂದು ಪುಟ್ಟ ಕೆರೆ. ಅಲ್ಲಿ ಗಾಡಿ ನಿಲ್ಲಿಸಿ, ಮೇಲಿರೋ 1,164 ಮೀಟರ್ ಎತ್ತರದ ಹೊರ್ನಿಸ್‌ಗ್ರಿಂಡೆ ಬೆಟ್ಟ ಹತ್ತಿ ಇಳಿದು ಬಂದೆ. ಹೆಚ್ಚುಕಮ್ಮಿ ಒಂದು ಮುಕ್ಕಾಲು ಗಂಟೆ. ಫೋಟೋ ತೆಗೆದೂ ತೆಗೆದೂ ಮೊಬೈಲ್ ಎರಡು ಪರ್ಸೆಂಟಿಗೆ ಬಂದಿತ್ತು. ಪರವಾಗಿಲ್ಲ, ಗಾಡಿಯಲ್ಲಿ ಚಾರ್ಜರ್ ಇದ್ಯಲ್ಲ!

ಕೀ ಹಾಕಿ ತಿರುಗಿಸಿದೆ. ಮೀಟರಿನ ಮುಳ್ಳು ಅರ್ಧಕ್ಕೆ ಹೋಗಿ ವಾಪಸ್ ಬಿತ್ತು. ಸ್ಟಾರ್ಟರ್ ಒತ್ತಿದ್ರೆ ಸೀಟಿನ ಕೆಳಗಿಂದ ಟಿಕ್ ಟಿಕ್ ಟಿಕ್ ಟಿಕ್... ಅಷ್ಟೆ. ಎಡಗೈ ಹಿಡಿಕೆ ಮೇಲಿಟ್ಟೆ. ಉಗುರು ಬೆಚ್ಚಗಿತ್ತು. ಹೀಟರ್ ಆಫ್ ಮಾಡೋದು ಮರೆತಿದ್ದೆ. ಗಾಡಿಯ ಕೀ ನನ್ನ ಜೇಬಿನಲ್ಲಿತ್ತು, ಆದರೆ ಹೀಟರಿಗೂ ಕೀಗೂ ಸಂಬಂಧವೇ ಇರಲಿಲ್ವಲ್ಲ. ನಾನು ಬೆಟ್ಟ ಹತ್ತುವಾಗ ಅದು ಖಾಲಿ ಗಾಡಿಯ ಹಿಡಿಕೆಯನ್ನ ಕಾಯಿಸ್ತಾ ಕೂತಿತ್ತು.

ಮನೆಗೆ ಫೋನ್ ಮಾಡಿದೆ. "ಏ, ಬೈಕ್ ಇಲ್ಲಿ ಬೆಟ್ಟದ ಮೇಲೆ..." ಅನ್ನೋಷ್ಟರಲ್ಲಿ ಮೊಬೈಲ್ ಸತ್ತುಹೋಯ್ತು.

ನನಗೆ ಆಗ ಏನೂ ಅನ್ನಿಸಲಿಲ್ಲ. ಚಾರ್ಜ್ ಮುಗೀತು ಅಷ್ಟೇ ತಾನೆ ಅಂತ ಗಾಡಿ ತಳ್ಳಿ ಸ್ಟಾರ್ಟ್ ಮಾಡೋಕೆ ಹೊರಟೆ. ಕಿಕ್ಕರ್ ಹುಡುಕೋಕೆ ಇದು ಅಪ್ಪನ ಯೆಜ್ದಿ ಅಲ್ಲ. ಇನ್ನೊಬ್ಬ ಬೈಕಿನವನು ಪಾಪ ಬಂದು ಹಿಂದಿನಿಂದ ತಳ್ಳಿದ. ಎರಡನೇ ಗೇರ್, ಕ್ಲಚ್ ಬಿಡು, ಧಡಕ್... ನಿಲ್ಲು. ಮತ್ತೆ. ಮತ್ತೆ. ಇನ್ನೂರು ಕಿಲೋ ಗಾಡಿ. ಫ್ಯುಯೆಲ್ ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್ ಪಂಪೂ ಕರೆಂಟಿನಿಂದಲೇ ತಿರುಗಬೇಕು, ಕಂಪ್ಯೂಟರಿಗೂ ಕರೆಂಟ್ ಬೇಕು. ಬ್ಯಾಟರಿಯಲ್ಲಿ ಜೀವವೇ ಇಲ್ಲದಿದ್ರೆ ಎಷ್ಟು ತಳ್ಳಿದ್ರೂ ಬೆವರು ಬರುತ್ತೆ ಹೊರತು ಇಂಜಿನ್ ಕೆಮ್ಮೋದೂ ಇಲ್ಲ. ಹೀಗೇ ಅರ್ಧ ಗಂಟೆ ಹೋಯ್ತು. ಏದುಸಿರು ಬಿಡ್ತಾ ಕೂತಾಗ ತಲೆಗೆ ಹೊಡೀತು: ಅವಳಿಗೆ ಕೇಳಿಸಿದ್ದು ಏನು? "ಬೈಕ್ ಇಲ್ಲಿ ಬೆಟ್ಟದ ಮೇಲೆ..." ಆಮೇಲೆ ಮೌನ. ಆಮೇಲೆ ಎಷ್ಟು ಸಲ ಮಾಡಿದ್ರೂ ಸ್ವಿಚ್ಡ್ ಆಫ್.

ಓಡಿದೆ. ಕೆರೆ ಪಕ್ಕದ ಹೋಟೆಲಿನ ರಿಸೆಪ್ಷನ್‌ನಲ್ಲಿದ್ದ ಹೆಂಗಸು ನನ್ನ ಮುಖ ನೋಡಿಯೇ ಅವರ ಫೋನ್ ಮುಂದಿಟ್ರು, ನನ್ನ ಮೊಬೈಲನ್ನ ಚಾರ್ಜಿಗೆ ಹಾಕಿದ್ರು. ಫೋನ್ ಕೈಯಲ್ಲಿ ಹಿಡಿದು ನಿಂತೆ. ಹೆಂಡತಿಯ ನಂಬರ್ ಏನು? ಮದುವೆಯಾಗಿ ಮೂರು ವರ್ಷ, ಒಂದಿನವೂ ಆ ನಂಬರನ್ನ ಬೆರಳಿನಿಂದ ಒತ್ತಿದವನಲ್ಲ ನಾನು. ನನಗೆ ಬಾಯಿಪಾಠ ಇದ್ದದ್ದು ಒಂದೇ ನಂಬರ್. ಸ್ಕೂಲ್ ಡೈರಿಯಲ್ಲಿ ವರ್ಷಾವರ್ಷ ಬರೆಸ್ತಿದ್ದ ಅಪ್ಪನ ಮೊಬೈಲ್ ನಂಬರ್. ಅದನ್ನೇ ಒತ್ತಿದೆ. ಮೈಸೂರಿನಲ್ಲಿ ಆಗ ರಾತ್ರಿ ಹತ್ತು ಗಂಟೆ ಸಮಯ.

ಮೊದಲ ರಿಂಗಿಗೇ ಎತ್ತಿದ್ರು. ಹಲೋ ಅನ್ನಲಿಲ್ಲ. ಉಸಿರು ಮಾತ್ರ ಕೇಳಿಸ್ತಿತ್ತು.

"ಅಪ್ಪಾ, ನಾನು."

ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಮ್ಮನಿಗೆ ಹೇಳಿದ್ದು ಕೇಳಿಸ್ತು, "ಅವನೇ ಕಣೇ, ಅವನೇ ಮಾತಾಡ್ತಿದಾನೆ."

ಹೆಂಡತಿ ಆಗ್ಲೇ ಮೈಸೂರಿಗೆ ಫೋನ್ ಮಾಡಿದ್ಲು. ಜರ್ಮನಿಯ ಗೊತ್ತಿಲ್ಲದ ನಂಬರಿನಿಂದ ಕರೆ ಬಂದಾಗ, ಪೊಲೀಸರೇ ಇರಬೇಕು ಅಂದ್ಕೊಂಡೇ ಅಪ್ಪ ಎತ್ತಿದ್ದು. ಇದನ್ನ ಅವರು ನನಗೆ ಹೇಳಿದ್ದು ತುಂಬಾ ದಿನ ಆದ್ಮೇಲೆ. ಆವತ್ತು ಕೇಳಿದ್ದು ಎರಡೇ ಪ್ರಶ್ನೆ.

"ಪೆಟ್ಟೇನಾದ್ರೂ ಆಗಿದ್ಯೇನೋ?"

"ಇಲ್ಲಪ್ಪಾ. ಬ್ಯಾಟರಿ ಡೌನು. ಹೀಟರ್ ಆಫ್ ಮಾಡೋದು ಮರ್ತಿದ್ದೆ."

"ಹೀಟರಿಗೆ ಲೈನ್ ಎಲ್ಲಿಂದ ತಗೊಂಡಿದೀಯ?"

"ಬ್ಯಾಟರಿಯಿಂದ ಡೈರೆಕ್ಟು..."

"ಥೂ, ಇಂಜಿನಿಯರ್ ಅಂತೆ" ಅಂದವರೇ ಸೊಸೆಗೆ ಫೋನ್ ಮಾಡ್ತೀನಿ ಇಡು ಅಂತ ಇಟ್ಟುಬಿಟ್ರು.

*

ಸಹಾಯಕ್ಕೆ ಕರೆದದ್ದು ಎಡಿಎಸಿಯನ್ನ. ಇಲ್ಲಿ ರಸ್ತೆ ಮಧ್ಯೆ ಗಾಡಿ ಕೆಟ್ರೆ ಹಳದಿ ವ್ಯಾನಿನಲ್ಲಿ ಬರೋ ಸಂಸ್ಥೆ, ಜನ ಅವರನ್ನ ಹಳದಿ ದೇವತೆಗಳು ಅಂತಾರೆ. ಇದು ಕಾರಿನವರ ಸಂಘ ಅಂತಲೇ ನಾನು ತಿಳ್ಕೊಂಡಿದ್ದೆ. ಆದರೆ 1903ರಲ್ಲಿ ನಮ್ಮ ಸ್ಟುಟ್‌ಗಾರ್ಟಿನಲ್ಲೇ ಹುಟ್ಟಿದಾಗ ಇದು ಮೋಟಾರ್ ಸೈಕಲ್ ಸವಾರರ ಸಂಘವಂತೆ. 1911ರಲ್ಲಿ ಈಗಿನ ಹೆಸರು ಬಂತು. ಬಂದ ಮನುಷ್ಯ ಐವತ್ತು ದಾಟಿದವರು, ಕತ್ತಲಲ್ಲಿ ಹಣೆಗೆ ಟಾರ್ಚ್ ಕಟ್ಟಿಕೊಂಡು ಸೀಟು ತೆಗೆದ್ರು. ಬೂಸ್ಟರ್ ಹಚ್ಚಿದ್ರು, ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಆಮೇಲೆ ಬ್ಯಾಟರಿಯ ಪ್ಲಸ್‌ನಲ್ಲಿ ಕೂತಿದ್ದ ನನ್ನ ಕೆಂಪು ವೈರಿಗೆ ಬೆರಳು ತೋರಿಸಿ ತಲೆ ಅಲ್ಲಾಡಿಸ್ತಾ ಹೇಳಿದ ಮಾತು: "ಕ್ಲೆಮ್ಮೆ ಫ್ಯೂನ್ಫ್‌ತ್ಸೇನ್!" ಅದೇ ಕ್ಲೆಮ್ಮೆ ಹದಿನೈದು!

ಮನೆಗೆ ಬಂದಾಗ ರಾತ್ರಿ ಹತ್ತು. ಹೆಂಡತಿ ಬಾಗಿಲು ತೆಗೆದಳು, ಊಟ ಬಡಿಸಿದಳು, ಮಾತಾಡಲಿಲ್ಲ. ಮಲಗೋ ಮುಂಚೆ ಒಂದೇ ಮಾತು ಹೇಳಿದಳು, "ಅದನ್ನ ಸರಿ ಮಾಡು, ಇಲ್ಲಾಂದ್ರೆ ಮಾರು." ಸರಿ ಮಾಡೋಕೆ ಮೊದಲು ತಪ್ಪೇನು ಅಂತ ಗೊತ್ತಾಗಬೇಕಲ್ಲ. ಆವತ್ತು ರಾತ್ರಿಯೇ ಕೂತು ಓದಿದೆ.

ಕ್ಲೆಮ್ಮೆ ಅಂದ್ರೆ ಟರ್ಮಿನಲ್. ವಾಹನಗಳ ವೈರಿಂಗಿನಲ್ಲಿ ಯಾವ ಟರ್ಮಿನಲ್ಲಿಗೆ ಯಾವ ನಂಬರ್ ಅಂತ ಜರ್ಮನರು ಡಿಐಎನ್ 72552 ಅನ್ನೋ ಒಂದು ಸ್ಟ್ಯಾಂಡರ್ಡ್ ಮಾಡಿಟ್ಟಿದಾರೆ. 30 ಅಂದ್ರೆ ಬ್ಯಾಟರಿಯಿಂದ ನೇರ ಬರೋ ಪ್ಲಸ್, ಯಾವಾಗಲೂ ಜೀವಂತ. 31 ಅಂದ್ರೆ ಅರ್ತಿಂಗು. 15 ಅಂದ್ರೆ ಕೀ ಆನ್ ಮಾಡಿದಾಗ ಮಾತ್ರ ಬರೋ ಪ್ಲಸ್. ನಮ್ಮ ಕಡೆ ಆಟೋ ಎಲೆಕ್ಟ್ರಿಷಿಯನ್ನುಗಳು ಇಗ್ನಿಷನ್ ಲೈನ್ ಅಂತಾರಲ್ಲ, ಅದೇ. ಮೈಸೂರಿನಲ್ಲಿ ಹಾರ್ನ್ ರಿಲೇ ಕೊಂಡ್ರೂ ಅದರ ಕಾಲುಗಳ ಪಕ್ಕ 30, 85, 86, 87 ಅಂತ ಬರೆದಿರುತ್ತೆ ನೋಡಿ, ಆ ನಂಬರುಗಳು ಬಂದದ್ದೂ ಇದೇ ಪಟ್ಟಿಯಿಂದ. ಚಿಕ್ಕಂದಿನಿಂದ ನೋಡಿದ್ದ ನಂಬರು, ಅರ್ಥ ಗೊತ್ತಾದದ್ದು ಈಗ.

ಲೆಕ್ಕವೂ ಮಾಡಿದೆ. ಹೀಟರ್ ಸುಮಾರು 40 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದ್ರೆ 3.3 ಆಂಪಿಯರ್. ಒಂದು ಮುಕ್ಕಾಲು ಗಂಟೆಗೆ ಹತ್ತಿರ ಹತ್ತಿರ 6 ಆಂಪಿಯರ್-ಅವರ್. ನನ್ನ ಬ್ಯಾಟರಿ ಮೇಲೆ ಬರೆದಿರೋದು 10, ಅದೂ ಹೊಸತಾಗಿದ್ದಾಗ. ಹಳೇ ಬ್ಯಾಟರಿ, ಚಳಿ ಬೇರೆ. ಇಂಜಿನ್ ತಿರುಗಿಸೋಕೆ ಉಳಿದದ್ದೇನು? ಟಿಕ್ ಟಿಕ್ ಟಿಕ್. ಯುಎಸ್‌ಬಿ ಸಾಕೆಟ್ ಕೂಡ ಸಾಧು ಅಲ್ಲ. ಮೊಬೈಲ್ ಸಿಕ್ಕಿಸದಿದ್ರೂ ಒಳಗಿನ ಸರ್ಕ್ಯೂಟು 20 ಮಿಲಿಆಂಪ್ ಕುಡೀತಿದ್ರೆ ದಿನಕ್ಕೆ ಅರ್ಧ ಆಂಪಿಯರ್-ಅವರ್. ಇಪ್ಪತ್ತು ದಿನ ಗಾಡಿ ಮುಟ್ಟದಿದ್ರೆ ಬ್ಯಾಟರಿ ಖಾಲಿ. ಊರಿಗೆ ಒಂದು ತಿಂಗಳು ರಜೆ ಹೋಗಿ ಬಂದವರು "ಗಾಡಿ ಸ್ಟಾರ್ಟೇ ಆಗ್ತಿಲ್ಲ" ಅನ್ನೋದು ಎಷ್ಟೋ ಸಲ ಇದಕ್ಕೇ.

*

ಮುಂದಿನ ಶನಿವಾರ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗೋ ಒಂದು ವರ್ಕ್‌ಶಾಪಿಗೆ ಗಾಡಿ ತಗೊಂಡು ಹೋದೆ. ನಾವೇ ರಿಪೇರಿ ಮಾಡ್ಕೋಬೇಕು, ಜಾಗ ಮತ್ತೆ ಟೂಲ್ಸ್ ಅವರದ್ದು. ಮೊಬೈಲನ್ನ ಒಂದು ಡಬ್ಬಕ್ಕೆ ಒರಗಿಸಿ ವಾಟ್ಸಾಪ್ ವಿಡಿಯೋದಲ್ಲಿ ಅಪ್ಪನನ್ನ ಕೂರಿಸಿದೆ. ಅಪ್ಪ ಲುಂಗಿ ಉಟ್ಟುಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ ರೆಡಿ.

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದೆ. ಯಾವಾಗಲೂ ಮೈನಸ್ ಮೊದಲು ಬಿಚ್ಚಿ, ಹಾಕುವಾಗ ಕೊನೆಗೆ ಹಾಕಿ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಜಾರಿ ಫ್ರೇಮಿಗೆ ತಗುಲಿದ್ರೂ ಆಗ ಕಿಡಿ ಹಾರಲ್ಲ. ಆಮೇಲೆ ಟ್ಯಾಂಕ್ ಎತ್ತಿ ನನ್ನ ಹಳೇ ಕೆಂಪು ವೈರ್ ಎಳೆದೆ. ಹ್ಯಾಂಡಲ್ ತಿರುಗೋ ಜಾಗದಲ್ಲಿ, ಫ್ರೇಮಿನ ಅಂಚಿಗೆ ಉಜ್ಜಿ ಉಜ್ಜಿ ವೈರಿನ ಮೇಲಿನ ಪ್ಲಾಸ್ಟಿಕ್ ಸವೆದು ಒಳಗಿನ ತಾಮ್ರ ಹೊಳೀತಿತ್ತು. ಕ್ಯಾಮೆರಾ ಹತ್ರ ಹಿಡಿದು ತೋರಿಸಿದೆ.

"ಫ್ಯೂಸ್ ಎಲ್ಲಿ ಹಾಕಿದ್ದೆ?"

"ಹ್ಯಾಂಡಲ್ ಹತ್ರ."

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡ್ರು. ಏನೂ ಮಾತಾಡಲಿಲ್ಲ.

ಮಾತಾಡೋಕೆ ಏನಿದೆ ಹೇಳಿ. ಫ್ಯೂಸು ಕಾಪಾಡೋದು ತನ್ನಿಂದ ಮುಂದಿರೋ ವೈರನ್ನ ಮಾತ್ರ. ಬ್ಯಾಟರಿಯಿಂದ ಹ್ಯಾಂಡಲ್‌ವರೆಗಿನ ಒಂದೂವರೆ ಮೀಟರಿಗೆ ಕಾವಲೇ ಇರಲಿಲ್ಲ. ಆ ತಾಮ್ರ ಇನ್ನೊಂದು ಕೂದಲೆಳೆಯಷ್ಟು ಸವೆದು ಫ್ರೇಮಿಗೆ ಸರಿಯಾಗಿ ತಗುಲಿದ್ರೆ ಬ್ಯಾಟರಿಯಲ್ಲಿದ್ದ ಅಷ್ಟೂ ಕರೆಂಟು ಆ ತೆಳು ವೈರಿನಲ್ಲಿ ನುಗ್ಗಿ ಅದು ಕೆಂಡವಾಗ್ತಿತ್ತು. ಅದೂ ಎಲ್ಲಿ? ಪೆಟ್ರೋಲ್ ಟ್ಯಾಂಕಿನ ಕೆಳಗೆ, ನನ್ನ ತೊಡೆಗಳ ನಡುವೆ. ಬೆಟ್ಟದ ಮೇಲೆ ಬ್ಯಾಟರಿ ಸತ್ತದ್ದೇ ನನ್ನ ಪುಣ್ಯ. ಸಾಯದಿದ್ರೆ ನಾನು ಆ ಟ್ಯಾಂಕ್ ಎತ್ತಿ ನೋಡ್ತಾನೇ ಇರಲಿಲ್ಲ. ಫ್ಯೂಸ್ ಬ್ಯಾಟರಿಯ ಪ್ಲಸ್‌ಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ ಇರಬೇಕು. ಈ ಬರಹದಲ್ಲಿ ಒಂದೇ ಒಂದು ವಾಕ್ಯ ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ.

ಈಗ ಇಗ್ನಿಷನ್ ಲೈನ್ ಹುಡುಕೋ ಕೆಲಸ. ಕೆಲವು ಬೈಕುಗಳಲ್ಲಿ ಕಂಪನಿಯವರೇ ಆಕ್ಸೆಸರಿಗೆ ಅಂತ ಒಂದು ಕನೆಕ್ಟರ್ ಬಿಟ್ಟಿರ್ತಾರೆ. ಮೊದಲು ಮ್ಯಾನುವಲ್ ನೋಡಿ, ಇದ್ರೆ ಅದೇ ಒಳ್ಳೇದು. ನನ್ನದರಲ್ಲಿ ಇರಲಿಲ್ಲ. ವೈರಿನ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಹೋಂಡಾದಲ್ಲಿ ಹಸಿರು ಅಂದ್ರೆ ಅರ್ತಿಂಗು, ಕಪ್ಪು ಅಂದ್ರೆ ಕೀ ಆದ್ಮೇಲಿನ ಪ್ಲಸ್. ಯಮಹಾದಲ್ಲಿ ಅದೇ ಕಪ್ಪು ಅರ್ತಿಂಗು! ಜರ್ಮನ್ ಗಾಡಿಗಳಲ್ಲಿ ಅರ್ತಿಂಗು ಕಂದು. ಆದ್ದರಿಂದ ಅಳೆದೇ ನೋಡಬೇಕು. ಮಲ್ಟಿಮೀಟರನ್ನ 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿ ಬ್ಯಾಟರಿ ಮೈನಸ್‌ಗೆ, ಕೆಂಪು ಕಡ್ಡಿ ಅನುಮಾನ ಇರೋ ವೈರಿಗೆ. ಕೀ ಆಫ್ ಇದ್ದಾಗ ಸೊನ್ನೆ, ಆನ್ ಮಾಡಿದಾಗ ಹನ್ನೆರಡರ ಆಸುಪಾಸು ಬಂದ್ರೆ ಅದೇ ನಮಗೆ ಬೇಕಾದದ್ದು. (ಅಳೆಯುವಾಗ ಮೈನಸ್ ವಾಪಸ್ ಹಾಕಿರಬೇಕು. ನಾನು ಮರೆತು ಐದು ನಿಮಿಷ ಎಲ್ಲಾ ಕಡೆ ಸೊನ್ನೆ ನೋಡಿದೆ.)

"ಮೀಟರ್ ನಂಬಬೇಡ, ಬಲ್ಬ್ ಹಾಕಿ ನೋಡು" ಅಂದ್ರು ಅಪ್ಪ. ಮೈಸೂರಿನಲ್ಲಿ ಅವರ ಗಾಡಿಗೆ ವೈರಿಂಗ್ ಮಾಡ್ತಿದ್ದ ಎಲೆಕ್ಟ್ರಿಷಿಯನ್ ಹತ್ರ ಇದ್ದದ್ದೇ ಅದು, ಒಂದು ಹಳೇ ಇಂಡಿಕೇಟರ್ ಬಲ್ಬು, ಎರಡು ವೈರು. ನಾನು ನಕ್ಕೆ, ಆದರೆ ಅವರು ಹೇಳಿದ್ದು ಸರಿ. ಒಳಗೆ ತುಕ್ಕು ಹಿಡಿದು ಒಂದೆರಡು ಎಳೆ ಮಾತ್ರ ಉಳಿದಿರೋ ವೈರಿನಲ್ಲೂ ಮೀಟರು ಪೂರ್ತಿ 12 ತೋರಿಸುತ್ತೆ, ಯಾಕಂದ್ರೆ ಮೀಟರ್ ಕರೆಂಟ್ ಎಳೆಯೋದೇ ಇಲ್ಲ. ಬಲ್ಬ್ ಎಳೆಯುತ್ತೆ. ದಮ್ಮಿಲ್ಲದ ವೈರಿನಲ್ಲಿ ಬಲ್ಬ್ ಮಂಕಾಗುತ್ತೆ. ಆದರೆ ಒಂದು ಎಚ್ಚರಿಕೆ, ಕಂಪ್ಯೂಟರ್, ಸೆನ್ಸರ್, ಎಬಿಎಸ್ ಕಡೆ ಹೋಗೋ ವೈರುಗಳಿಗೆ ಬಲ್ಬ್ ಮುಟ್ಟಿಸಬೇಡಿ. ಆಕ್ಸೆಸರಿಗೆ ಅಲ್ಲಿಂದ ಲೈನ್ ಅಂತೂ ತಗೊಳ್ಳಲೇಬೇಡಿ. ಪೆಟ್ರೋಲ್ ಪಂಪು, ಇಗ್ನಿಷನ್ ಕಾಯಿಲ್ ವೈರುಗಳಿಗೂ ಇದೇ ಮಾತು. ಅವು ಕೈಕೊಟ್ರೆ ಓಡ್ತಿರೋ ಗಾಡಿ ನಿಲ್ಲುತ್ತೆ.

ಹಾಗಾದ್ರೆ ಎಲ್ಲಿಂದ? ಹೆಡ್‌ಲೈಟ್ ಲೈನು, ಅನೇಕ ಗಾಡಿಗಳಲ್ಲಿ ಸ್ಟಾರ್ಟರ್ ಒತ್ತಿದಾಗ ಕಟ್ ಆಗುತ್ತೆ. ಹಾರ್ನು, ಎಷ್ಟೋ ಗಾಡಿಗಳಲ್ಲಿ ಅದರ ಒಂದು ವೈರಿಗೆ ಕೀ ಆನ್ ಆದ ಕೂಡಲೇ ಪ್ಲಸ್ ಬರುತ್ತೆ, ಬಟನ್ ಅರ್ತಿಂಗ್ ಕೊಡುತ್ತೆ ಅಷ್ಟೆ. ಕೆಲವಲ್ಲಿ ಉಲ್ಟಾ. ಟೇಲ್ ಲೈಟು, ಸೀಟಿನ ಕೆಳಗೇ ಸಿಗುತ್ತೆ, ಕೈಗೆ ಸುಲಭ. ನಾನು ಅದನ್ನೇ ಆರಿಸಿದೆ. ಕೀ ಆಫ್, ಬಲ್ಬ್ ಇಲ್ಲ. ಕೀ ಆನ್, ಬಲ್ಬ್ ಬೆಳಗಿತು. "ಸಿಕ್ತು ಅಪ್ಪಾ!" ಅಂದೆ.

"ಕೀನ ಎಲ್ಲಾ ಕಡೆಗೂ ತಿರುಗಿಸಿ ನೋಡಿದ್ಯಾ?"

ಎಲ್ಲಾ ಕಡೆ ಅಂದ್ರೆ? ಆನ್, ಆಫ್, ಲಾಕ್... ಅಲ್ಲಿಂದಾಚೆ ಒಂದು "ಪಿ" ಇತ್ತು, ನಾನು ಯಾವತ್ತೂ ಬಳಸದ್ದು. ತಿರುಗಿಸಿದೆ. ಬಲ್ಬ್ ಬೆಳಗಿತು. ಕೀ ಹೊರಗೆ ತೆಗೆದೆ. ಬಲ್ಬ್ ಬೆಳಗ್ತಾನೇ ಇತ್ತು. ರಾತ್ರಿ ರಸ್ತೆ ಬದಿ ನಿಲ್ಲಿಸಿದಾಗ ಹಿಂದಿನವರಿಗೆ ಕಾಣಲಿ ಅಂತ ಟೇಲ್ ಲೈಟನ್ನ ಮಾತ್ರ ಉರಿಸೋ ಪಾರ್ಕಿಂಗ್ ಪೊಸಿಷನ್ ಅದು. ಲಾಕ್ ಮಾಡುವಾಗ ಕೈ ಸ್ವಲ್ಪ ಜಾಸ್ತಿ ತಿರುಗಿದ್ರೆ ಸಾಕು, ನನ್ನ ಹೀಟರ್ ಮತ್ತೆ ರಾತ್ರಿಯಿಡೀ ಹಿಡಿಕೆ ಕಾಯಿಸ್ತಾ ಕೂರ್ತಿತ್ತು. ದಿನಾ ಆಫೀಸಿನಲ್ಲಿ "ಎಲ್ಲಾ ಕೇಸ್ ಟೆಸ್ಟ್ ಮಾಡಿದ್ರಾ?" ಅಂತ ಜೂನಿಯರ್‌ಗಳಿಗೆ ಉಪದೇಶ ಮಾಡೋನು ನಾನು. ನನ್ನ ಟೆಸ್ಟಿಂಗ್ ಮಾಡಿದ್ದು ರಿಟೈರ್ಡ್ ಬ್ಯಾಂಕ್ ಕ್ಲರ್ಕು.

ಕೊನೆಗೆ ಸಿಕ್ಕಿದ್ದು ಹಿಂದಿನ ಬ್ರೇಕಿನ ಸ್ವಿಚ್ಚು. ಅದಕ್ಕೆ ಎರಡು ವೈರು. ಒಂದರಲ್ಲಿ ಕೀ ಆನ್ ಇದ್ದಷ್ಟು ಹೊತ್ತೂ ಪ್ಲಸ್, ಇನ್ನೊಂದರಲ್ಲಿ ಬ್ರೇಕ್ ಒತ್ತಿದಾಗ ಮಾತ್ರ. ನಮಗೆ ಬೇಕಾದದ್ದು ಮೊದಲನೇದು. ಪೆಡಲ್ ಒತ್ತಿ, ಬಿಟ್ಟು, ಎರಡೂ ನೋಡಿ ಖಚಿತ ಮಾಡ್ಕೊಂಡೆ. "ಪಿ"ಯಲ್ಲಿ ಸೊನ್ನೆ. ಅಪ್ಪನೂ ಒಪ್ಪಿದ್ರು.

ಹಾಗಂತ ಹೀಟರನ್ನ ನೇರ ಬ್ರೇಕ್ ಲೈಟಿನ ವೈರಿಗೆ ಸಿಕ್ಕಿಸೋದಲ್ಲ. ಆ ವೈರು, ಆ ಫ್ಯೂಸು ಇರೋದು ಬಲ್ಬಿನ ಲೆಕ್ಕಕ್ಕೆ. ಐದು ಆಂಪ್ ಎಳೆದು ಫ್ಯೂಸ್ ಹಾರಿದ್ರೆ ಹೆದ್ದಾರಿಯಲ್ಲಿ ನಿಮ್ಮ ಬ್ರೇಕ್ ಲೈಟೇ ಇರಲ್ಲ. ಇಲ್ಲಿ ಬರುತ್ತೆ ರಿಲೇ. ಅದೊಂದು ಕರೆಂಟಿನಿಂದ ಒತ್ತೋ ಸ್ವಿಚ್ಚು. 86ಕ್ಕೆ ಬ್ರೇಕ್ ಸ್ವಿಚ್ಚಿನ ಲೈನು, ನಡುವೆ ಒಂದು ಆಂಪಿನ ಸಣ್ಣ ಫ್ಯೂಸು. 85ಕ್ಕೆ ಅರ್ತಿಂಗು. 30ಕ್ಕೆ ಬ್ಯಾಟರಿಯ ಪ್ಲಸ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸು. 87ರಿಂದ ಆಕ್ಸೆಸರಿಗಳಿಗೆ. ಕೀ ಆನ್ ಮಾಡಿದಾಗ ರಿಲೇಯೊಳಗಿನ ಕಾಯಿಲ್ 150 ಮಿಲಿಆಂಪ್ ಆಸುಪಾಸು ಮಾತ್ರ ಕುಡಿದು ಟಕ್ ಅಂತ 30ನ್ನೂ 87ನ್ನೂ ಸೇರಿಸುತ್ತೆ. ಭಾರ ಹೊರೋದು ಬ್ಯಾಟರಿ, ಬ್ರೇಕ್ ಲೈನು ಸನ್ನೆ ಮಾತ್ರ ಮಾಡುತ್ತೆ. ನನ್ನ ಕಾಯಿಲ್ ಕಡೆ ಏನಾದ್ರೂ ಶಾರ್ಟ್ ಆದ್ರೂ ಹಾರೋದು ಆ ಒಂದು ಆಂಪಿನ ಫ್ಯೂಸು, ಬ್ರೇಕ್ ಲೈಟಿಂದಲ್ಲ. ಒಳಗೆ ಡಯೋಡ್ ಇರೋ ರಿಲೇ ಆದ್ರೆ 85, 86 ಅದಲುಬದಲು ಮಾಡಬೇಡಿ.

ಹೀಟರ್ 40 ವ್ಯಾಟ್, ಯುಎಸ್‌ಬಿ 20, ಒಟ್ಟು 60. ಅಂದ್ರೆ 5 ಆಂಪ್. ಮುಖ್ಯ ಫ್ಯೂಸ್ 7.5, ಕಂದು ಬಣ್ಣದ್ದು. ವೈರು ಒಂದೂವರೆ ಚದರ ಮಿಲಿಮೀಟರಿನದು. ಫ್ಯೂಸ್ ಹಾರ್ತಿದೆ ಅಂತ ದೊಡ್ಡದು ಹಾಕೋ ಬುದ್ಧಿ ನಮ್ಮಲ್ಲಿ ಬಹಳ ಜನಕ್ಕಿದೆ, ಅದು ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಟ್ಟ ಹಾಗೆ. ಜಾಯಿಂಟುಗಳಿಗೆ ಬೆಸುಗೆಗಿಂತ ಸರಿಯಾದ ಟೂಲಿನಲ್ಲಿ ಕ್ರಿಂಪ್ ಮಾಡಿ ಮೇಲೆ ಹೀಟ್-ಶ್ರಿಂಕ್ ತೋಳು ಹಾಕೋದು ಒಳ್ಳೇದು, ಗಾಡಿಯ ನಡುಕಕ್ಕೆ ಬೆಸುಗೆ ಮುಗಿಯೋ ಅಂಚಿನಲ್ಲಿ ವೈರು ತುಂಡಾಗುತ್ತೆ. ಹ್ಯಾಂಡಲ್ ತಿರುಗೋ ಕಡೆ ವೈರನ್ನ ಕೊಳವೆಯೊಳಗೆ ಹಾಕಿ, ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲೂ ಎಳೆಯಲ್ಲ, ಉಜ್ಜಲ್ಲ ಅಂತ ನೋಡಿದೆ. ಆಮೇಲೆ ಎರಡು ಬ್ರೇಕಿಗೂ ಬ್ರೇಕ್ ಲೈಟ್ ಉರಿಯುತ್ತಾ ಅಂತಲೂ.

ಊರಿನಲ್ಲಿರೋ ಗೆಳೆಯರಿಗೆ ಎರಡು ಮಾತು. ಒಂದು, ನಮ್ಮಲ್ಲಿನ ಹಳೇ ಬೈಕುಗಳಲ್ಲಿ ಎಷ್ಟೋ ಕಡೆ ಹೆಡ್‌ಲೈಟಿಗೆ ಹೋಗೋದು ಬ್ಯಾಟರಿಯ ಡಿಸಿ ಅಲ್ಲ, ಮ್ಯಾಗ್ನೆಟ್ಟಿನಿಂದ ನೇರ ಬರೋ ಎಸಿ. ಅಲ್ಲಿಂದ ಮೊಬೈಲ್ ಚಾರ್ಜರಿಗೆ ಲೈನ್ ತಗೊಂಡ್ರೆ ಚಾರ್ಜರ್ ಜೊತೆ ಮೊಬೈಲೂ ಹೋದೀತು. 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ತಾನಾಗೇ ಉರಿಯೋದು ಕಡ್ಡಾಯವಾಗಿದೆ, ಹಾಗಂತ ಅದನ್ನೇ ನಂಬಿ ಲೈನ್ ತಗೋಬೇಡಿ, ಅಳೆದು ನೋಡಿ. ಎರಡು, ಕ್ಯಾನ್ ಬಸ್ ಇರೋ ದುಬಾರಿ ಗಾಡಿಗಳು. 2004ರಲ್ಲಿ ಬಂದ ಬಿಎಂಡಬ್ಲ್ಯೂ ಆರ್ 1200 ಜಿಎಸ್‌ನಲ್ಲೇ ಮಾಮೂಲಿ ಫ್ಯೂಸುಗಳ ಬದಲು ಕಂಪ್ಯೂಟರ್ ಕಾವಲು ಬಂದಿತ್ತು. ಯಾವ ವೈರಿನಲ್ಲಿ ಎಷ್ಟು ಕರೆಂಟ್ ಹೋಗ್ತಿದೆ ಅಂತ ಅದು ಲೆಕ್ಕ ಇಡುತ್ತೆ, ಜಾಸ್ತಿ ಅನ್ನಿಸಿದ್ರೆ ಆ ಲೈನನ್ನೇ ಬಂದ್ ಮಾಡುತ್ತೆ. ಅಂಥ ಗಾಡಿಯಲ್ಲಿ ಸಿಕ್ಕ ವೈರಿಗೆ ಕೈ ಹಾಕದೆ ಕಂಪನಿ ಕೊಟ್ಟ ಆಕ್ಸೆಸರಿ ಲೈನಿನಿಂದಲೇ ರಿಲೇಗೆ ಸನ್ನೆ ತಗೊಳ್ಳಿ.

ಎಲ್ಲಾ ಮುಗಿಸಿ ಸೀಟು ಹಾಕೋ ಮುಂಚೆ ಅಪ್ಪ ಹೇಳಿದ್ರು, "ಹೀಟರ್ ಆನ್ ಮಾಡು. ಹಾಂ. ಈಗ ಅದನ್ನ ಹಾಗೇ ಬಿಟ್ಟು ಕೀ ತೆಗಿ."

ತೆಗೆದೆ. ಸೀಟಿನ ಕೆಳಗೆ ಟಕ್ ಅಂತು. ಹೀಟರಿನ ಕೆಂಪು ದೀಪ ಆರಿತು.

"ಆರ್ತಾ?"

"ಆರ್ತು ಅಪ್ಪಾ."

"ಪಿಗೆ ತಿರುಗಿಸು."

"ಇಲ್ಲ, ಉರೀತಿಲ್ಲ."

"ಸರಿ. ಊಟ ಮಾಡ್ಹೋಗು" ಅಂತ ಕಟ್ ಮಾಡಿದ್ರು.

ಗಾಡಿ ಇನ್ನೂ ಇದೆ, ಮಾರಿಲ್ಲ. ಆ ಉಜ್ಜಿದ ಕೆಂಪು ವೈರಿನ ತುಂಡು ನನ್ನ ಆಫೀಸ್ ಮೇಜಿನ ಡ್ರಾಯರಿನಲ್ಲಿದೆ. ಸೀಟಿನ ಕೆಳಗೆ, ರಿಲೇ ಪಕ್ಕ, ಬಿಳಿ ಟೇಪಿನ ಮೇಲೆ ಮಾಸದ ಇಂಕಿನಲ್ಲಿ ಹೆಂಡತಿಯ ಫೋನ್ ನಂಬರ್ ಬರೆದು ಅಂಟಿಸಿದೀನಿ. ಅದು ಗಾಡಿಗೆ. ನನಗೆ ಈಗ ಬಾಯಿಪಾಠ ಬರುತ್ತೆ. ಒಂದು ವಾರ ಪ್ರತಿದಿನ ರಾತ್ರಿ ಊಟಕ್ಕೆ ಮುಂಚೆ ಒಪ್ಪಿಸಿಕೊಂಡಳು, ಮಗ್ಗಿ ಒಪ್ಪಿಸಿಕೊಂಡ ಹಾಗೆ.

ನಿಮ್ಮ ಗಾಡಿಯಲ್ಲೂ ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕೆಂಪು ವೈರ್ ಒಂದು ಇದ್ದರೆ, ಈ ಭಾನುವಾರ ಸೀಟು ತೆಗೆದು ಒಮ್ಮೆ ನೋಡಿ. ಅರ್ಧ ಗಂಟೆ ಕೆಲಸ. ಆಮೇಲೆ ಮನೆಯವರ ನಂಬರ್ ನೋಡದೆ ಹೇಳೋಕೆ ಬರುತ್ತಾ ಅಂತಲೂ ನೋಡಿಕೊಳ್ಳಿ.